ತಡವರಿಸಿದರೆ ಮೊದಲಿಂದ

ಮಗಳ ಚರಿತ್ರೆಯ ಉತ್ತರಪತ್ರಿಕೆ ನನ್ನ ಕೈಗೆ ಬಂದಾಗ ಒಲೆಯ ಮೇಲೆ ದೋಸೆಕಲ್ಲು ಕಾದಿತ್ತು. ಮೂರು ತಿಂಗಳ ಪರೀಕ್ಷೆಯ ಪತ್ರಿಕೆ ಅದು. ಮನೆಯವರ ರುಜು ಬೇಕೆಂದು ಶಾಲೆಯಿಂದ ಕಳಿಸಿದ್ದರು. ನನಗೆ ಇಂಗ್ಲಿಷ್ ಓದಲಿಕ್ಕೆ ಬರುವುದಿಲ್ಲ. ಆದರೂ ತಿರುಗಿಸಿ ನೋಡಿದೆ. ಮೊದಲ ಎರಡು ಪುಟಗಳಲ್ಲಿ ಎಷ್ಟು ಚಂದದ ಅಕ್ಷರ! ಒಂದು ಕಡೆಯೂ ಕಾಟು ಹೊಡೆದಿಲ್ಲ, ಒಂದು ಚುಕ್ಕೆ ಮಸಿ ಚೆಲ್ಲಿಲ್ಲ. ಮೂರನೆಯ ಪುಟದಲ್ಲಿ ಅರ್ಧ ಸಾಲು. ಆಮೇಲೆ ಬರೇ ಖಾಲಿ. ಮೇಲೆ ಕೆಂಪು ಪೆನ್ಸಿಲಿನಲ್ಲಿ ಹದಿನೆಂಟು ಎಂದು ಬರೆದು ಸುತ್ತು ಹಾಕಿದ್ದರು.

"ಎಂತದಿದು?" ಎಂದೆ.

"ಟೈಮ್ ಸಾಕಾಗ್ಲಿಲ್ಲ ಅಮ್ಮ."

"ಉಳಿದದ್ದು ಗೊತ್ತಿರ್ಲಿಲ್ವಾ?"

"ಎಲ್ಲ ಗೊತ್ತಿತ್ತು."

ಹಾಗಾದರೆ ಹೇಳು ನೋಡುವ ಎಂದೆ. ನಾನು ದೋಸೆ ಹೊಯ್ಯುತ್ತಾ ಹೋದ ಹಾಗೆ ಅವಳು ಗೋಡೆಗೆ ಒರಗಿ ನಿಂತು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು. ಪತ್ರಿಕೆಯಲ್ಲಿ ಕೇಳಿದ ಏಳು ಪ್ರಶ್ನೆಗೂ ಹೇಳಿದಳು. ಒಂದು ಕಡೆಯೂ ತಡವರಿಸಲಿಲ್ಲ. ಹದಿನಾರು ವರ್ಷದ ಹುಡುಗಿ, ಇಷ್ಟೆಲ್ಲ ತಲೆಯೊಳಗೆ ಇದ್ದೂ ಹದಿನೆಂಟು ಅಂಕ ಹೇಗೆ ಬಂತೆಂದು ನನಗೆ ತಿಳಿಯಲೇ ಇಲ್ಲ.

ನಾವು ಕಾಸರಗೋಡಿನ ಕಡೆಯವರು. ಯಜಮಾನರಿಗೆ ಸೆಂಟ್ರಲ್ ಗೌರ್ಮೆಂಟಿನ ಒಂದು ಆಫೀಸಿನಲ್ಲಿ ಕೆಲಸ, ಆಗ ಕೊಚ್ಚಿಯಲ್ಲಿ. ಕಲೂರಿನಲ್ಲಿ ಒಂದು ಮನೆಯ ಹಿಂದಿನ ಭಾಗವನ್ನು ಬಾಡಿಗೆಗೆ ಹಿಡಿದಿದ್ದೆವು. ಕೇರಳ ರಾಜ್ಯವಾಗಿ ಒಂದೋ ಎರಡೋ ವರ್ಷ ಆಗಿದ್ದಿರಬೇಕು. ನಮ್ಮದು ಒಬ್ಬಳೇ ಮಗಳು. ಎಂಟನೆಯ ಕ್ಲಾಸಿನವರೆಗೆ ಊರಿನಲ್ಲಿ ನನ್ನ ತಾಯಿಯ ಹತ್ತಿರ ನಿಂತು ಕನ್ನಡದಲ್ಲಿ ಕಲಿತವಳು. ವರ್ಗ ಎಲ್ಲಿಗೆ, ಯಾವಾಗ ಎಂದು ಹೇಳಲಿಕ್ಕಾಗದ ಕೆಲಸವಾದ್ದರಿಂದ ಇವರು ಅವಳನ್ನು ಇಲ್ಲಿ ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿದರು. ಅವಳಿಗೆ ಟೀಚರ್ ಆಗಬೇಕೆಂದು ಆಸೆ. ಅದಕ್ಕೆ ಟ್ರೈನಿಂಗ್ ಆಗಬೇಕು, ಟ್ರೈನಿಂಗಿಗೆ ಸೇರಬೇಕಾದರೆ ಎಸ್ಸೆಸ್ಸೆಲ್ಸಿ ಪಾಸಾಗಬೇಕು. ಮಾರ್ಚಿನಲ್ಲಿ ಆ ಪರೀಕ್ಷೆ.

ನಾನು ಕಲಿತದ್ದು ನಾಲ್ಕನೆಯ ಕ್ಲಾಸು. ನನಗೆ ತಿಳಿದ ಕಲಿಕೆ ಎಂದರೆ ಬಾಯಿಪಾಠ. ನಮ್ಮ ಮನೆಯಲ್ಲಿ ಮುಸ್ಸಂಜೆ ದೀಪ ಹಚ್ಚಿದ ಕೂಡಲೇ ಮಕ್ಕಳೆಲ್ಲ ಚಾಪೆಯಲ್ಲಿ ಕೂತು ವಾರ, ತಿಥಿ, ನಕ್ಷತ್ರ, ಮಗ್ಗಿ, ಅರುವತ್ತು ಸಂವತ್ಸರಗಳ ಹೆಸರು ಹೇಳಬೇಕು. ಅಜ್ಜಿ ಬತ್ತಿ ಹೊಸೆಯುತ್ತಾ ಕೇಳುತ್ತಿದ್ದರು. ಐವತ್ತೆಂಟನೆಯ ಸಂವತ್ಸರದಲ್ಲಿ ನಾಲಗೆ ತಡವರಿಸಿದರೂ ಸರಿ, ಬತ್ತಿಯಿಂದ ಕಣ್ಣೆತ್ತದೆ "ಮೊದಲಿಂದ" ಎನ್ನುತ್ತಿದ್ದರು. ಮತ್ತೆ ಪ್ರಭವದಿಂದ ಶುರು. ನಾನು ಕಲಿತದ್ದು ಹಾಗೆ.

ಹಾಗಾಗಿ ಮಗಳು ಕೊಚ್ಚಿಗೆ ಬಂದ ದಿನದಿಂದ ನಾನೂ ಅದನ್ನೇ ಹಿಡಿದೆ. ಬೆಳಿಗ್ಗೆ ನಾನು ತೆಂಗಿನಕಾಯಿ ತುರಿಯುವಾಗ ಭೂಗೋಳ, ಅರೆಯುವಾಗ ವಿಜ್ಞಾನ, ಸಂಜೆ ಅಕ್ಕಿ ಆರಿಸುವಾಗ ಚರಿತ್ರೆ. ಇಂಗ್ಲಿಷಿನ ಅರ್ಥ ತಿಳಿಯದಿದ್ದರೂ ತಡವರಿಕೆ ತಿಳಿಯುತ್ತದೆ. ಸಂಸ್ಕೃತದ ಶ್ಲೋಕ ನಮಗೇನು ಅರ್ಥವಾಗಿ ಬರುತ್ತದೆಯೇ? ಒಂದು ಮಾತು ಹಿಂದೆಮುಂದಾದರೆ ನಾನು "ಮೊದಲಿಂದ" ಎನ್ನುತ್ತಿದ್ದೆ. ಅವಳು ಉಸಿರೆಳೆದು ಮೊದಲಿಂದ ಹೇಳುತ್ತಿದ್ದಳು. ಎದುರು ಹೇಳಿದವಳಲ್ಲ.

ಕ್ಲಾಸ್ ಟೀಚರು ಒಮ್ಮೆ ಇವರನ್ನು ಕರೆಸಿ, ಹುಡುಗಿ ಪರೀಕ್ಷೆಯಲ್ಲಿ ಪದೇಪದೇ ಹೊಸ ಕಾಗದ ಕೇಳುತ್ತಾಳೆ ಎಂದಿದ್ದರಂತೆ. ಇವರು ಬಂದು ಹೇಳಿದಾಗ ನನಗೆ ಹೆಮ್ಮೆಯೇ ಆಗಿತ್ತು. ಅಷ್ಟು ಬರೆಯುತ್ತಾಳಲ್ಲ!

"ಅವಳಿಗೆ ಗೊತ್ತುಂಟು ಗೊತ್ತುಂಟು ಅಂತ ನೀನು ಹೇಳಿದ್ರೆ ಆಯ್ತಾ?" ಎಂದು ಇವರು ರುಜು ಹಾಕುವಾಗಲೆಲ್ಲ ಕೇಳುತ್ತಿದ್ದರು. "ಪೇಪರು ತಿದ್ದುವವ ನಿನ್ನ ಅಡಿಗೆಮನೆಗೆ ಬಂದು ಕೂರ್ತಾನಾ?"

ಮಾರ್ಚಿನಲ್ಲಿ ಅವಳು ಬರೆದಳು, ಫೇಲಾದಳು. ಎಲ್ಲ ವಿಷಯದಲ್ಲೂ ಹೋಗಿತ್ತು. ಪೇಪರಿನಲ್ಲಿ ಪಾಸಾದವರ ನಂಬರುಗಳ ನಡುವೆ ಅವಳದು ಇಲ್ಲದ ಆ ದಿನ ಅವಳು ಅಳಲಿಲ್ಲ. ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಜೂನಿನಲ್ಲಿ ಇವರಿಗೆ ತಿರುವನಂತಪುರಕ್ಕೆ ವರ್ಗವಾಯಿತು. ಚಾಲೈ ಪೇಟೆಯ ಹಿಂದಿನ ಓಣಿಯಲ್ಲಿ ಸಾಲುಮನೆ. ಬೆಳಗಾದರೆ ಎತ್ತಿನ ಗಾಡಿ, ಬಾಳೆಗೊನೆ, ಮೆಣಸಿನ ಘಾಟು. ಸಾಮಾನು ಬಿಚ್ಚುವ ಮೊದಲೇ ಇವರು ಹೇಳಿದರು: "ಇನ್ನೊಂದು ಸಲ ಕೂರಲಿ. ಅದೇ ಕೊನೆ. ಆಗದಿದ್ರೆ ಅಣ್ಣ ಹೇಳಿದ ಕುಂಬಳೆಯ ಹುಡುಗನಿಗೆ ಕೊಟ್ಟುಬಿಡುವ. ಹದಿನೆಂಟು ಆಗ್ತದೆ ಅವಳಿಗೆ." ಅವರು ಕೆಟ್ಟವರಲ್ಲ. ಅವರಿಗೂ ದಿಕ್ಕು ತೋಚುತ್ತಿರಲಿಲ್ಲ. ಮಗಳು ಟ್ರಂಕಿನ ಮೇಲೆ ಕೂತು ಕೇಳಿದಳು. "ಆಗ್ಲಿ ಅಪ್ಪ" ಎಂದಳು.

ಅವಳನ್ನು ಒಂದು ಟ್ಯುಟೋರಿಯಲ್ಲಿಗೆ ಸೇರಿಸಿದೆವು. ನಾನು ಮನೆಯಲ್ಲಿ ಮೊದಲಿಗಿಂತ ಬಿಗಿ ಮಾಡಿದೆ. ನೆನಪಿನ ಶಕ್ತಿಗೆಂದು ಪೇಟೆಯಲ್ಲಿ ಒಂದೆಲಗ ಹುಡುಕಿದೆ. ಮಾರುವವಳಿಗೆ ಹೆಸರು ತಿಳಿಯಲಿಲ್ಲ, ನಾನು ನೆಲದ ಮೇಲೆ ಬೆರಳಿನಿಂದ ಎಲೆಯ ಆಕಾರ ಬರೆದು ತೋರಿಸಿದ ಮೇಲೆ "ಓ, ಮುತ್ತಿಳ್!" ಎಂದು ನಕ್ಕಳು. ದಿನಾ ಒಂದೆಲಗದ ತಂಬುಳಿ. ಮಗಳು ಕಣ್ಣು ಮುಚ್ಚಿ ಕುಡಿದು, ಒಮ್ಮೊಮ್ಮೆ ಹಿತ್ತಲಿಗೆ ಹೋಗಿ ಕಕ್ಕಿ ಬರುತ್ತಿದ್ದಳು. ಕೂದಲು ಬಾಚಿದರೆ ಹಣಿಗೆ ತುಂಬ ಕೂದಲು. ಉಗುರುಗಳನ್ನೆಲ್ಲ ಕಚ್ಚಿ ಕಚ್ಚಿ ಬೆರಳ ತುದಿ ಕೆಂಪಾಗಿತ್ತು. ಕೋಟೆಯ ಹತ್ತಿರದ ಗಣಪತಿಗೆ ಮಂಗಳವಾರ ಮಂಗಳವಾರ ತೆಂಗಿನಕಾಯಿ ಒಡೆಸಿದೆ. ಮಾಡಲಿಕ್ಕೆ ಉಳಿದದ್ದು ಏನು ಎಂದು ಹಗಲೆಲ್ಲ ಯೋಚಿಸುತ್ತಿದ್ದೆ.

ಗೋಡೆಯಾಚೆಯ ಮನೆಯಲ್ಲಿ ಒಬ್ಬರು ರಿಟೈರಾದ ಗಣಿತದ ಟೀಚರಿದ್ದರು. ಗಂಡ ತೀರಿಹೋದವರು, ಬಿಳಿ ಮುಂಡು ಉಟ್ಟು ದಿನಾ ಸಂಜೆ ಜಗಲಿಯಲ್ಲಿ ಪೇಪರು ಓದುತ್ತಿದ್ದರು. ನನ್ನನ್ನು ಅವರು ಮಾಮಿ ಎಂದು ಕರೆಯುತ್ತಿದ್ದರು. ಊರಿನಲ್ಲಿ ಕೇಳಿದ ಮಲಯಾಳದಿಂದ ಅವರ ಅರ್ಧ ಮಾತು ನನಗೆ ತಿಳಿಯುತ್ತಿತ್ತು, ಉಳಿದರ್ಧವನ್ನು ಮಗಳು ಹೇಳುತ್ತಿದ್ದಳು. ಒಂದು ದಿನ ಅವರೇ ಕೇಳಿದರು: "ಮಾಮಿ, ದಿನಾ ನಿಮ್ಮ ಮನೆಯಿಂದ ಅದೇ ಪಾಠ ನೂರು ಸಲ ಕೇಳ್ತದೆ. ನನಗೇ ಬಾಯಿಗೆ ಬಂತು. ಹುಡುಗಿಗೆ ಬರ್ಲಿಲ್ವಾ?"

ನಾನು ಎಲ್ಲ ಹೇಳಿಕೊಂಡೆ. ಅವರು ಆ ಭಾನುವಾರ ಮಧ್ಯಾಹ್ನ ಗಡಿಯಾರ ಹಿಡಿದುಕೊಂಡು ಬಂದರು. ಸ್ಟೂಲಿನ ಮೇಲೆ ಅದನ್ನಿಟ್ಟು, ಮೂರು ಪ್ರಶ್ನೆ ಕೊಟ್ಟು, ಒಂದು ಗಂಟೆ ಎಂದರು. ಆಮೇಲೆ ತುಟಿ ಬಿಚ್ಚಲಿಲ್ಲ.

ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಮಗಳು ಬರೆಯುತ್ತಾಳೆ. ಮುಕ್ಕಾಲು ಪುಟವಾಗುತ್ತದೆ. ಪೆನ್ನು ನಿಲ್ಲುತ್ತದೆ. ಬರೆದದ್ದನ್ನು ಒಮ್ಮೆ ನೋಡಿ, ಕಾಗದ ಮಡಚಿ ಮಡಿಲಿನಲ್ಲಿಟ್ಟುಕೊಂಡು, ಹೊಸ ಕಾಗದ ತೆಗೆದು ಮತ್ತೆ ಒಂದನೆಯ ಪ್ರಶ್ನೆ ಎಂದು ಬರೆಯುತ್ತಾಳೆ. ಹೀಗೆ ನಾಲ್ಕು ಸಲ. ಗಂಟೆ ಮುಗಿಯಿತು. ಟೀಚರು ಅವಳ ಮಡಿಲಿನ ಕಾಗದಗಳನ್ನು ತೆಗೆದು ನೆಲದ ಮೇಲೆ ಸಾಲಾಗಿ ಹರಡಿದರು. ಅದೇ ಉತ್ತರ. ಒಂದೊಂದು ಒಂದೊಂದು ಸಾಲಿನಲ್ಲಿ ನಿಂತಿತ್ತು.

"ಎಂದಿನಾ ಮೋಳೇ?" ಎಂದರು ಅವರು. ಯಾಕೆ ಮಗಳೇ ಎಂದು.

"ಒಂದು ಶಬ್ದ ತಪ್ಪಿತು. ಅದಕ್ಕೆ ಮೊದಲಿಂದ ಬರೆದೆ."

"ತಪ್ಪಿದರೆ ಅದರ ಮೇಲೆ ಒಂದು ಗೆರೆ ಎಳೆದು ಮುಂದೆ ಹೋಗುವುದಪ್ಪ. ಬಾರದ ಪ್ರಶ್ನೆ ಬಿಟ್ಟು ಬರುವುದನ್ನು ಹಿಡಿಯುವುದು. ಇದು ಯಾರು ಕಲಿಸಿದ ರೀತಿ?"

ಮಗಳು ತಲೆಯೆತ್ತಲಿಲ್ಲ. ನನ್ನ ಕೈಯಲ್ಲಿ ಟೀಚರಿಗೆಂದು ತಂದ ಕಾಫಿಯ ಲೋಟವಿತ್ತು. ಲೋಟ ಬಿಸಿಯಿತ್ತು, ಕೈ ಸುಡುತ್ತಿತ್ತು, ಕೆಳಗಿಡಲಿಕ್ಕೆ ತೋಚಲಿಲ್ಲ. ನನಗೆ ಆ ಕ್ಷಣಕ್ಕೆ ಎಲ್ಲ ತಿಳಿದುಹೋಯಿತು. ಆದರೆ ನನ್ನ ಬಾಯಿಂದ ಬಂದ ಮಾತು ಇದು: "ಊರಿನ ಶಾಲೆಯ ಮಾಷ್ಟ್ರು ಹಾಗೆ ಕಲಿಸಿರ್ಬೇಕು."

ಮಗಳು ಆಗ ಒಮ್ಮೆ ನನ್ನ ಕಡೆ ನೋಡಿದಳು.

ಆವತ್ತಿನಿಂದ ಪರೀಕ್ಷೆಗೆ ಉಳಿದದ್ದು ಏಳು ವಾರ. ಮೂರು ವರ್ಷ ಹೊಲಿದದ್ದನ್ನು ಏಳು ವಾರದಲ್ಲಿ ಬಿಚ್ಚಬೇಕಿತ್ತು. ಟೀಚರು ವಾರಕ್ಕೆ ಎರಡು ಸಲ ಗಡಿಯಾರ ತರುತ್ತಿದ್ದರು. ಉಳಿದ ದಿನ ನಾನು. "ತಪ್ಪಿದರೆ ತಪ್ಪಲಿ, ಮುಂದೆ ಹೋಗು" ಎಂದು ದಿನಕ್ಕೆ ನೂರು ಸಲ ಹೇಳಿದೆ. ಅವಳು ತಡವರಿಸಿದ ಕೂಡಲೇ ನಿಲ್ಲುತ್ತಿದ್ದಳು.

"ಯಾಕೆ ನಿಲ್ತಿ? ನಾನು ಎಂತದೂ ಹೇಳ್ಲಿಲ್ಲವಲ್ಲ."

"ನಿನ್ನ ಮುಖ ನೋಡಮ್ಮ."

ನಾನು ಬೆನ್ನು ಹಾಕಿ ಕೂತೆ. ಅರೆಯುವ ಕಲ್ಲಿನಲ್ಲಿ ಕಾಯಿ ಅರೆಯುತ್ತಾ ಕೇಳಿದೆ. ಮತ್ತೆ ನಿಂತಳು.

"ಈಗ ಎಂತ?"

"ನಾನು ತಪ್ಪಿದಲ್ಲಿ ನಿನ್ನ ಕಲ್ಲು ನಿಲ್ತದೆ."

ಹೌದು, ನಿಲ್ಲುತ್ತಿತ್ತು. ನಾನು ಬೇಕೆಂದು ನಿಲ್ಲಿಸುತ್ತಿರಲಿಲ್ಲ. ಕೈಯೇ ನಿಲ್ಲುತ್ತಿತ್ತು. ಕೊನೆಗೆ ಅವಳು ಪಾಠ ಹೇಳುವಷ್ಟು ಹೊತ್ತು ನಾನು ಹಿತ್ತಲ ಬಾವಿಯ ಹತ್ತಿರ ಹೋಗಿ ಬೇಡದ ನೀರು ಸೇದುತ್ತಿದ್ದೆ. ಅಲ್ಲಿಗೂ ಅವಳ ದನಿ ಕೇಳಿದರೆ ಕಿವಿಗೆ ಸೆರಗು ಒತ್ತಿಕೊಳ್ಳುತ್ತಿದ್ದೆ. ಒಮ್ಮೆ ಇವರು ಅದನ್ನು ನೋಡಿ, "ಏನೇ ಮಾರಾಯ್ತಿ, ಕಿವಿನೋವಾ?" ಎಂದು ಕೇಳಿದರು. ಹೌದೆಂದೆ. ರಾತ್ರಿ ಊಟವಾದ ಮೇಲೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ತಂದು ಕಿವಿಗೆ ಬಿಟ್ಟರು. ನಾನು ಬೇಡ ಎನ್ನದೆ ಬಿಡಿಸಿಕೊಂಡೆ. ನಿಜ ಹೇಳಬಹುದಿತ್ತು. ಹೇಳಿದರೆ, ಎರಡು ವರ್ಷದಿಂದ ಮಗಳ ಮೇಲೆ ಬೀಳುತ್ತಿದ್ದ ಬೈಗುಳವೆಲ್ಲ ತಿರುಗಿ ನನ್ನ ಮೇಲೆ ಬೀಳುತ್ತದೆ. ಬೀಳಲಿ ಎಂದು ದಿನಾ ಅಂದುಕೊಳ್ಳುತ್ತಿದ್ದೆ. ದಿನಾ ಬಾಯಿ ಮುಚ್ಚಿಕೊಂಡಿರುತ್ತಿದ್ದೆ.

ಆದರೂ ನಿಧಾನವಾಗಿ ಅವಳು ಗೆರೆ ಎಳೆಯಲು ಕಲಿತಳು. ಮೊದಮೊದಲು ಗೆರೆ ಎಳೆಯುವಾಗ ಕೆಳತುಟಿ ಕಚ್ಚಿಕೊಳ್ಳುತ್ತಿದ್ದಳು, ಮುಳ್ಳು ಕೀಳಿಸಿಕೊಳ್ಳುವವರ ಹಾಗೆ. ಆಮೇಲಾಮೇಲೆ ಮೂರರಲ್ಲಿ ಎರಡು ಪ್ರಶ್ನೆ, ಮತ್ತೆ ಮೂರೂ, ಗಂಟೆಯೊಳಗೆ ಮುಗಿಯತೊಡಗಿತು. ಅಕ್ಷರ ಕೆಟ್ಟಿತು. ಟೀಚರು ಕೆಟ್ಟ ಅಕ್ಷರ ನೋಡಿ ಕೈ ತಟ್ಟಿ ನಗುತ್ತಿದ್ದರು: "ನೋಡಿ ಮಾಮಿ, ಕೋಳಿ ಕೆದಕಿದ ಹಾಗೆ! ಇನ್ನು ಇವಳು ಪಾಸು." ಗಣಿತದ ಬಗ್ಗೆ ಮಾತ್ರ ಅವರಿಗೂ ಹೆದರಿಕೆಯಿತ್ತು. ಉತ್ತರ ಬರದಿದ್ದರೆ ಲೆಕ್ಕವನ್ನು ಅರ್ಧದಲ್ಲಿ ಬಿಡುವುದು ಅವಳಿಂದ ಆಗುತ್ತಿರಲಿಲ್ಲ. "ಅರ್ಧ ಮಾಡಿದ್ದಕ್ಕೂ ಮಾರ್ಕು ಉಂಟು ಮೋಳೇ" ಎಂದು ಟೀಚರು ಬೇಡಿಕೊಳ್ಳುವ ಹಾಗೆ ಹೇಳುತ್ತಿದ್ದರು.

ಪರೀಕ್ಷೆ ಒಂದು ಹುಡುಗಿಯರ ಶಾಲೆಯಲ್ಲಿ. ನಾನು ದಿನಾ ಜೊತೆಗೆ ಹೋಗಿ, ಅಂಗಳದ ಮಾವಿನ ಮರದಡಿ ನಿಲ್ಲುತ್ತಿದ್ದೆ. ಬೇರೆ ತಾಯಂದಿರೂ ಇರುತ್ತಿದ್ದರು. ಅವರು ಕೂತು ಮಾತಾಡುತ್ತಿದ್ದರು, ನನಗೆ ಕೂರಲಿಕ್ಕಾಗುತ್ತಿರಲಿಲ್ಲ. ಮೊದಲ ದಿನ ಅವಳು ಹೊರಗೆ ಬಂದದ್ದೇ ಕೇಳಿದೆ:

"ಎಷ್ಟು ಬರೆದೆ?"

"ಎಲ್ಲ."

"ಗೆರೆ ಎಳೆದೆಯಾ?"

"ಏಳು ಕಡೆ."

ಏಳು ಕಡೆ ತಪ್ಪಿದ್ದಾಳೆಂದು ಯಾವ ತಾಯಿ ಅಷ್ಟು ಸಂತೋಷಪಟ್ಟಾಳು! ಬರುವ ದಾರಿಯಲ್ಲಿ ಅವಳಿಗೆ ಸೋಡಾ ಕುಡಿಸಿದೆ. ಎರಡನೆಯ ದಿನ, ಮೂರನೆಯ ದಿನ ಹೀಗೆಯೇ ಹೋಯಿತು. ಮೂರನೆಯ ದಿನ ರಸ್ತೆಯಲ್ಲಿ ಅವಳು ಏನೋ ಮಲಯಾಳದ ಹಾಡು ಗುನುಗಿದಳು. ನಾನು ಎಷ್ಟೋ ತಿಂಗಳಿಂದ ಅವಳ ಹಾಡು ಕೇಳಿರಲಿಲ್ಲ.

ನಾಲ್ಕನೆಯ ದಿನ ಗಣಿತ. ಬೆಲ್ಲು ಹೊಡೆದು, ಹುಡುಗಿಯರೆಲ್ಲ ಬಂದು, ಅಂಗಳ ಖಾಲಿಯಾಗುವ ಹೊತ್ತಿಗೆ ಅವಳು ಬಂದಳು. ಎರಡು ಬೆರಳು ಪೂರಾ ಮಸಿ. ಗೇಟು ದಾಟಿದ ಮೇಲೆ ಅವಳೇ ಹೇಳಿದಳು.

"ಎರಡನೇ ಲೆಕ್ಕ ನಾಲ್ಕು ಸಲ ಮೊದಲಿಂದ ಮಾಡಿದೆ."

"ಅಯ್ಯೋ, ಬಿಟ್ಟು ಹೋಗ್ಬೇಕಿತ್ತಲ್ಲ ಮಗಳೇ!"

"ಬಿಡುವ ಅಂತ ಗೆರೆ ಎಳೀಲಿಕ್ಕೆ ಹೊರಟೆ. ಕಿಟಕಿಯಿಂದ ನೀನು ಕಾಣ್ತಿದ್ದಿ. ಮರದ ಕೆಳಗೆ ನಿಂತಿದ್ದಿ." ಸ್ವಲ್ಪ ದೂರ ನಡೆದ ಮೇಲೆ ಅವಳು ಅಂದಳು: "ಕೈ ಬರ್ಲಿಲ್ಲ."

ನಾನು ಅಲ್ಲಿ ನಿಲ್ಲದೆ ಮನೆಯಲ್ಲೇ ಇರಬಹುದಿತ್ತು. ಉಳಿದ ದಿನಗಳಲ್ಲಿ ಇದ್ದೆ ಕೂಡ. ಆದರೆ ಗಣಿತ ಆಗಿಹೋಗಿತ್ತು.

ರಿಸಲ್ಟಿನ ದಿನ ಇವರು ಆಫೀಸಿನಲ್ಲೇ ಪೇಪರು ನೋಡಿ ಬಂದರು. ಕೊಡೆಯನ್ನು ಮೂಲೆಗೆ ಒರಗಿಸಿ, ಒಂದು ಚೊಂಬು ನೀರು ಕುಡಿದು, ಅಂಗಿ ಬಿಚ್ಚಿ ಮೊಳೆಗೆ ಹಾಕಿ, ಆಮೇಲೆ "ಇಲ್ಲ" ಎಂದರು. ಅಂಕಗಳು ಬಂದ ಮೇಲೆ ನೋಡಿದರೆ ಉಳಿದೆಲ್ಲದರಲ್ಲೂ ಪಾಸು. ಹಿಂದಿನ ವರ್ಷ ಒಂದೂವರೆ ಉತ್ತರ ಬರೆದು ಬಂದಿದ್ದ ಚರಿತ್ರೆಯಲ್ಲಿ ಸಹ. ಗಣಿತದಲ್ಲಿ ಹೋಗಿತ್ತು.

ಆ ಸಂಜೆ ಇವರು ಪೋಸ್ಟ್ ಕಾರ್ಡು ಹಿಡಿದು ಕೂತರು. "ಅಣ್ಣನಿಗೆ ಬರೀತೇನೆ. ಹುಡುಗನ ಕಡೆಯವರು ಬರಲಿ. ನಾನು ಮೊದಲೇ ಹೇಳಿದ್ದೆ, ಕೊನೆ ಅಂತ."

ಮಗಳು ಒಳಗೆ ಮಡಚಿದ ಬಟ್ಟೆಗಳನ್ನು ಬಿಚ್ಚಿ ಮಡಚುತ್ತಿದ್ದಳು. ನಾನು ಹೋಗಿ ಇವರ ಎದುರಿಗೆ ಕೂತೆ. ಅಷ್ಟು ಎದುರಾಗಿ ಯಾವತ್ತೂ ಕೂತವಳಲ್ಲ.

"ಬರೀಬೇಡಿ. ಅವಳ ತಪ್ಪಲ್ಲ. ಅವಳನ್ನು ಕೆಡಿಸಿದ್ದು ನಾನು."

"ನೀನೆಂತ ಪರೀಕ್ಷೆ ಬರೆದೆಯಾ?"

ಹೇಳಿದೆ. ದೀಪದ ಎದುರಿನ ಬಾಯಿಪಾಠದಿಂದ ಹಿಡಿದು ಮಾವಿನ ಮರದವರೆಗೆ, ಕಿವಿಗೆ ಬಿಡಿಸಿಕೊಂಡ ಎಣ್ಣೆಯನ್ನೂ ಸೇರಿಸಿ ಹೇಳಿದೆ. ನಡುವೆ ನನ್ನ ಮಾತು ನಾಲ್ಕೈದು ಸಲ ಹಿಂದೆಮುಂದಾಯಿತು. ಇವರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಹಾಕಿದರು.

"ಹಾಗಾದ್ರೆ ಎರಡು ವರ್ಷ ಈ ಮನೆಯಲ್ಲಿ ನಾನು ಬೈದದ್ದು ಯಾರಿಗೆ?" ಎಂದರು. ದನಿ ಏರಲಿಲ್ಲ. ಏರಿದ್ದರೆ ನನಗೆ ಸುಲಭವಾಗುತ್ತಿತ್ತು. "ಟೀಚರು ಕಂಡುಹಿಡಿದ ದಿನವೇ ಹೇಳಿದ್ರೆ ಎಂತ ಆಗ್ತಿತ್ತು ನಿಂಗೆ?"

ಮಗಳು ಬಾಗಿಲಿಗೆ ಬಂದಿದ್ದಳು.

"ಅವತ್ತು ಊರಿನ ಮಾಷ್ಟ್ರ ಮೇಲೆ ಹಾಕಿದ್ದಿ ಅಮ್ಮ," ಎಂದಳು. "ಅವರು ಒಂದು ದಿನವೂ ಮೊದಲಿಂದ ಹೇಳು ಅಂದವರಲ್ಲ. ತಪ್ಪಿದ್ರೆ ನಗಾಡಿ, ಮುಂದೆ ಹೇಳು ಕೂಸೇ ಅಂತಿದ್ರು." ಫೇಲಾದದ್ದಕ್ಕೆ ಅಳದವಳು ಆ ಮಾಷ್ಟರಿಗಾಗಿ ಅತ್ತಳು.

ಇವರು ಪೆನ್ನಿನ ಮುಚ್ಚಳ ಮತ್ತೆ ತೆಗೆದರು. ಆಮೇಲೆ ಪೋಸ್ಟ್ ಕಾರ್ಡಿನಲ್ಲಿ ಎರಡು ಸಾಲು ಬರೆದು ಓದಿ ಹೇಳಿದರು: ಈ ವರ್ಷ ಹುಡುಗಿಯ ಮದುವೆಯ ಮಾತು ಬೇಡ, ಅವಳಿಗೆ ಇನ್ನೂ ಗಣಿತ ಬಾಕಿ ಉಂಟು. ಮಗಳ ಕಡೆ ತಿರುಗಿ, "ಇನ್ನೊಂದು ಸಲ ಕೂರು. ಟೀಚರ ಹತ್ತಿರ ನಾನು ಮಾತಾಡ್ತೇನೆ. ಆದರೆ ನಿನ್ನ ಅಮ್ಮ..." ಎಂದು ನನ್ನ ಮುಖ ನೋಡಿ ನಿಲ್ಲಿಸಿದರು.

ಅವಳೇ ಮುಗಿಸಿದಳು. "ಅಮ್ಮ ಬೇಡ." ಸಿಟ್ಟಿನಿಂದ ಹೇಳಲಿಲ್ಲ. ಸಾರಿಗೆ ಉಪ್ಪು ಇನ್ನು ಬೇಡ ಎಂದ ಹಾಗೆ ಹೇಳಿದಳು.

ಮರುವರ್ಷ ಅವಳು ಪಾಸಾದಳು, ಟ್ರೈನಿಂಗಿಗೂ ಹೋದಳು. ಆದರೆ ಆ ವರ್ಷ ನಾನು ಹೇಗೆ ಕಳೆದೆನೆಂಬುದು ನನಗೇ ಗೊತ್ತು. ಬೆಳಿಗ್ಗೆ ಕಾಫಿ ಕುಡಿದು ಅವಳು ಪುಸ್ತಕ ಎತ್ತಿಕೊಂಡು ಟೀಚರ ಮನೆಗೆ ಹೋಗುತ್ತಿದ್ದಳು. "ಹೋಗಿ ಬರ್ತೇನೆ" ಎನ್ನುತ್ತಿದ್ದಳು, ಬಂದ ಮೇಲೆ ಊಟಕ್ಕೆ ಎಂತ ಎಂದು ಕೇಳುತ್ತಿದ್ದಳು. ಪಾಠದ ಮಾತು ಎತ್ತುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ. ಅಡಿಗೆಮನೆಯಲ್ಲಿ ಕಾಯಿ ತುರಿಯುತ್ತಾ ಕೂತರೆ ಗೋಡೆಯಾಚೆಯಿಂದ ಇಬ್ಬರ ದನಿ ಬರುತ್ತಿತ್ತು, ಇಂಗ್ಲಿಷಿನ ಲೆಕ್ಕ, ಮಲಯಾಳದ ನಗು. ನಡುವೆ ಅವಳು ತಡವರಿಸುವುದು ಕೇಳುತ್ತಿತ್ತು. ನಾನು ಹೆರೆಮಣೆಯ ಮೇಲೆ ಉಸಿರು ಹಿಡಿದು ಕೂರುತ್ತಿದ್ದೆ. ಆಚೆ ಅವಳು ಮುಂದುವರಿಸುತ್ತಿದ್ದಳು. ಅದು ಸರಿಯೋ ತಪ್ಪೋ ನನಗೆ ತಿಳಿಯುತ್ತಿರಲಿಲ್ಲ.